ಗ್ರಬ್: ಎಣಿಕೆ ಬಿಟ್ಟು ಹೆಸರು ಹಿಡಿದ ಮೇಲೆ ಪರವಾಗಿಲ್ಲ

ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹೇಗಿದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಅದಕ್ಕೂ ಮುಂಚೆ ಏಳುವ ಗ್ರಬ್ ಮೇಲೆ, ಅಂದರೆ ಕಂಪ್ಯೂಟರ್ ಆನ್ ಮಾಡಿದಾಗ ಯಾವುದನ್ನು ಎಬ್ಬಿಸಬೇಕು ಅಂತ ಆರಿಸುವ ಪ್ರೋಗ್ರಾಂ ಮೇಲೆ.

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ವೈಫೈ ಡಾಂಗಲ್ ಹಳೇದು. ಅದರ ಡ್ರೈವರ್ ಹಳೆಯ 5.15 ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಚೆನ್ನಾಗಿ ನಡೆಯುತ್ತದೆ, ಹೊಸ 6.8ರಲ್ಲಿ ಕಂಪೈಲೇ ಆಗುವುದಿಲ್ಲ. ಎರಡೂ ಇದ್ದರೆ ಗ್ರಬ್ ತಾನಾಗಿ ಎಬ್ಬಿಸುವುದು 6.8ನ್ನೇ. ಹೊಸದು ತಗೊಳ್ಳಬಹುದಲ್ವಾ ಅಂತೀರಿ. ಒಂದು ಪ್ರಿಂಟಿಗೂ ಚೌಕಾಸಿ ಮಾಡುವ ಗಿರಾಕಿಗಳನ್ನು ನಂಬಿಕೊಂಡವನು ನಾನು, ಇರೋದನ್ನೇ ಓಡಿಸಬೇಕು.

ಹಾಗಾಗಿ ಬೆಳಿಗ್ಗೆ ಷಟರ್ ಎತ್ತಿ, ಊದುಬತ್ತಿ ಹಚ್ಚಿ, ಪವರ್ ಬಟನ್ ಒತ್ತಿ ಗ್ರಬ್ ಮೆನು ತರಿಸಲು ಎಸ್ಕೇಪ್ ಕೀ ಒತ್ತುವ ಹೊತ್ತಿಗೆ ಕಾಯುವುದೇ ಕೆಲಸವಾಗಿತ್ತು. ಒಂದು ಸಲ ಜಾಸ್ತಿ ಒತ್ತಿದರೆ ಮೆನು ಹೋಗಿ ಕಮಾಂಡ್ ಕೇಳುವ ಕಪ್ಪು ಪರದೆ. ಸರಿಯಾಗಿ ಒತ್ತಿದರೆ ಅಡ್ವಾನ್ಸ್‌ಡ್ ಆಪ್ಷನ್ಸ್, 5.15ರ ತನಕ ಕೆಳಗಿನ ಬಾಣ, ಎಂಟರ್. ಕರೆಂಟು ಹೋಗಿ ಬಂದರೆ ಮತ್ತೆ ಮೊದಲಿಂದ.

ಗ್ರಬ್_ಡಿಫಾಲ್ಟ್‌ಗೆ "1>2" ಅಂತ ಕೊಟ್ಟರೆ ಸರಿಹೋಗುತ್ತದೆ ಅನ್ನುತ್ತಾರೆ. ಹೋಗುತ್ತದೆ, ಮುಂದಿನ ಅಪ್‌ಡೇಟ್‌ವರೆಗೆ! ಗ್ರಬ್_ಡಿಫಾಲ್ಟ್ ಅಂದರೆ ತಾನಾಗಿ ಏಳಬೇಕಾದ ಸಾಲು ಯಾವುದು ಅಂತ ಹೇಳುವ ಸೆಟ್ಟಿಂಗ್. ಇಲ್ಲಿ 1 ಅಂದರೆ ಅಡ್ವಾನ್ಸ್‌ಡ್ ಆಪ್ಷನ್ಸ್, 2 ಅಂದರೆ ಅದರೊಳಗಿನ ಸಾಲು, ಎಣಿಕೆ ಸೊನ್ನೆಯಿಂದ ಶುರು. ಹೊಸ ಕರ್ನಲ್ ಯಾವಾಗಲೂ ಮೇಲೆ ಕೂರುತ್ತದೆ, ಜೊತೆಗೆ ಅದರ ರಿಕವರಿ (ಕೆಟ್ಟಾಗ ರಿಪೇರಿಗೆ) ಸಾಲೂ ಬರುತ್ತದೆ. ನನ್ನ 5.15 ಎರಡು ಸಾಲು ಕೆಳಗೆ ಜಾರಿ ಆ ಜಾಗಕ್ಕೆ ಹಳೆಯ 6.8 ಬಂದಿರುತ್ತದೆ. ತಳ್ಳುಗಾಡಿ ಕ್ಯೂನಲ್ಲಿ ನಿಂತ ಹಾಗೆ, ಮುಂದೆ ಯಾರೋ ನುಗ್ಗುತ್ತಲೇ ಇರುತ್ತಾರೆ.

ಬೈಯುವುದು ನಿಂತಿದ್ದು 'ಸೇವ್ಡ್' ಸಿಕ್ಕ ಮೇಲೆ. ಗ್ರಬ್_ಡಿಫಾಲ್ಟ್‌ಗೆ ಸೇವ್ಡ್ ಅಂತ ಬರೆದು, ಒಂದು ಸಲ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿ, ಗ್ರಬ್-ಸೆಟ್-ಡಿಫಾಲ್ಟ್ ಕಮಾಂಡಿಗೆ ಕರ್ನಲ್‌ನ ಐಡಿ (ಮೆನುವಿನಲ್ಲಿ ಅದರ ಗುರುತಿನ ಹೆಸರು) ಕೊಟ್ಟರೆ ಮುಗಿಯಿತು. ಸಾಲು ಎಲ್ಲಿಗೆ ಜಾರಿದರೂ 5.15ವೇ ಏಳುತ್ತದೆ. ಇನ್ನೂ ಇಷ್ಟವಾಗಿದ್ದು ಗ್ರಬ್-ರೀಬೂಟ್ ಅನ್ನೋ ಕಮಾಂಡ್. ಡ್ರೈವರ್‌ನ ಹೊಸ ಆವೃತ್ತಿ ಬಂದಾಗ ಒಂದೇ ಒಂದು ಬೂಟ್ 6.8ರಲ್ಲಿ ಮಾಡಿ ನೋಡುತ್ತೇನೆ. ನಡೆಯಲಿಲ್ಲವಾ, ಸುಮ್ನೆ ರೀಸ್ಟಾರ್ಟ್ ಮಾಡಿದರೆ ಹಳೇದಕ್ಕೆ ವಾಪಸ್.

ಅರ್ಧ ಸ್ಟಾರ್ ಕಳೆದಿದ್ದು ಆ ಐಡಿಗೆ. ಅದರೊಳಗೆ ಎರಡೆರಡು ಸಲ ಬರುವ ಉದ್ದನೆಯ ಯುಯುಐಡಿ (ಡಿಸ್ಕಿನ ಗುರುತಿನ ಅಂಕಿ-ಅಕ್ಷರ), ಕೈಯಲ್ಲಿ ಟೈಪ್ ಮಾಡುವ ಮಾತೇ ಇಲ್ಲ. 5.15ಕ್ಕೂ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ, ಆಗ ಐಡಿಯೂ ಬೇರೆ. ಮತ್ತೆ ಹುಡುಕಿ ಕೊಡಬೇಕು. ಹಳೇದನ್ನು ಆಟೋರಿಮೂವ್ (ಬೇಡದ ಪ್ಯಾಕೇಜ್ ತೆಗೆಯುವ ಕಮಾಂಡ್) ಅಳಿಸಿಬಿಟ್ಟರೆ ಗ್ರಬ್ ತಕರಾರಿಲ್ಲದೆ ಮೊದಲ ಸಾಲನ್ನೇ ಎಬ್ಬಿಸುತ್ತದೆ, ಅಂದರೆ 6.8.

ಮೈಸೂರಿನಲ್ಲಿರುವ ನನ್ನ ಭಾವಮೈದ ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ ಬಳಸುತ್ತಾನೆ. ಅಲ್ಲಿ ಗ್ರಬ್ಬಿ ಅನ್ನೋ ಕಮಾಂಡಿಗೆ ಕರ್ನಲ್ ಫೈಲ್ ಎಲ್ಲಿದೆ ಅಂತ ಹೇಳಿದರೆ ಸಾಕು. ಮಿಂಟ್‌ಗೂ ಅಂಥದ್ದೊಂದು ಬರಲಿ, ಮೂರೂವರೆ ಸ್ಟಾರ್ ನಾಲ್ಕು ಮಾಡುತ್ತೇನೆ.