ವಲ್ಕನ್ ಮೊದಲೋ, ಕ್ರೊನೋಸ್ ಮೊದಲೋ?

ಅಮೆರಿಕದ ಬಾಹ್ಯಾಕಾಶ ಕಥೆಗಳ ಟಿವಿ ಸರಣಿ ಸ್ಟಾರ್ ಟ್ರೆಕ್ ಹೊಸದಾಗಿ ನೋಡಬೇಕು, ಅನ್ಯಗ್ರಹದ ಜನರನ್ನು ಅವರ ಊರಲ್ಲೇ ನೋಡಬೇಕು ಅನ್ನೋರಿಗೆ ನಾನು ಹೇಳುವುದು ಎರಡೇ ಗ್ರಹದ ಹೆಸರು: ವಲ್ಕನ್ ಮತ್ತು ಕ್ರೊನೋಸ್.

ವಲ್ಕನ್, ಎಂಟರ್‌ಪ್ರೈಸ್ ನೌಕೆಯ ಅಧಿಕಾರಿ ಸ್ಪಾಕ್‌ನ ತವರು. ತೆರೆಗೆ ಮೊದಲು ಬಂದದ್ದು 1967ರಲ್ಲಿ, ಮೊದಲ ಸರಣಿಯ 'ಅಮೋಕ್ ಟೈಮ್' ಕಂತಿನಲ್ಲಿ. ಕೆಂಪು ಆಕಾಶ, ಸುಡುವ ಸೆಕೆ, ತೆಳು ಗಾಳಿ. ಭಾವನೆಗಳನ್ನು ಅದುಮಿಟ್ಟು ತರ್ಕವನ್ನೇ ನಂಬಿದ ಜನ ಇವರು. ಆದರೆ ಮದುವೆಯ ಹಳೇ ಕಟ್ಟಳೆ ಎದುರಾದಾಗ ಸ್ಪಾಕ್ ತನ್ನ ಗೆಳೆಯ, ನೌಕೆಯ ಕ್ಯಾಪ್ಟನ್ ಕರ್ಕ್ ಮೇಲೆಯೇ ಆಯುಧ ಎತ್ತಬೇಕಾಗುತ್ತದೆ. ಆ ಗಾಳಿಯಲ್ಲಿ ಕರ್ಕ್ ಏದುಸಿರು ಬಿಡುತ್ತಾನೆ. ಉಸಿರಾಟಕ್ಕೆ ಅಂತ ಹೇಳಿ ಡಾಕ್ಟರ್ ಮೆಕಾಯ್ ಅವನಿಗೊಂದು ಇಂಜೆಕ್ಷನ್ ಕೊಡುತ್ತಾರೆ. ಮುಂದಿನದು ನೀವೇ ನೋಡಿ. ಗ್ರಹದ ಹವೆಯೇ ಕಥೆಯನ್ನು ತಿರುಗಿಸುತ್ತದಲ್ವಾ, ನನಗೆ ಅದು ತುಂಬಾ ಇಷ್ಟ.

ಕ್ರೊನೋಸ್, ಯೋಧ ಜನಾಂಗವಾದ ಕ್ಲಿಂಗಾನರ ಗ್ರಹ. 'ದ ನೆಕ್ಸ್ಟ್ ಜನರೇಷನ್' ಸರಣಿಯ 1990ರ 'ಸಿನ್ಸ್ ಆಫ್ ದ ಫಾದರ್' ಕಂತು ನೋಡಿ. ಮಬ್ಬು ಬೆಳಕಿನ ದೊಡ್ಡ ಸಭಾಂಗಣ, ಮಾನವೇ ಪ್ರಾಣ ಅನ್ನುವ ಮನೆತನಗಳು, ಒಳಗೊಳಗೇ ರಾಜಕೀಯ. ಸತ್ತ ಅಪ್ಪನ ಮೇಲಿನ ದ್ರೋಹದ ಆರೋಪವನ್ನು ಎದುರಿಸಲು, ಆ ಸರಣಿಯ ನೌಕೆಯಲ್ಲಿ ಅಧಿಕಾರಿಯಾಗಿರುವ ಕ್ಲಿಂಗಾನ್ ವೋರ್ಫ್ ಇಲ್ಲಿಗೆ ಬರುತ್ತಾನೆ. ಇದು ಮನಸ್ಸಿಗೆ ತಟ್ಟಬೇಕಾದರೆ ವೋರ್ಫ್‌ನ ಪರಿಚಯ ಮೊದಲೇ ಸ್ವಲ್ಪ ಇರಬೇಕು. ಕಥೆ ಒಂದೇ ಕಂತಿಗೆ ಮುಗಿಯುವುದೂ ಇಲ್ಲ.

ಒಂದೇ ಸಂಜೆ ಬಿಡುವಿದ್ದರೆ ಸುಮ್ನೆ ವಲ್ಕನ್ ಆರಿಸಿ, ಹಿಂದುಮುಂದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮನೆತನದ ಜಗಳ, ಅಧಿಕಾರದ ಆಟ ಜಾಸ್ತಿ ಇಷ್ಟ ಅಂದರೆ ಕ್ರೊನೋಸ್. ಅದಕ್ಕೆ ಕೆಲವು ವಾರ ಎತ್ತಿಡಿ.