ಎಲೆಕ್ಟ್ರಿಕ್ ಬೈಕ್ ಕೊಳ್ಳುವ ಮುಂಚೆ ನನ್ನ ಅನುಭವ ಒಮ್ಮೆ ಓದಿ

ಇದ್ದ ಪೆಟ್ರೋಲ್ ಬೈಕ್ ಮಾರಿ ಎಲೆಕ್ಟ್ರಿಕ್ ತೆಗೆದುಕೊಳ್ಳೋಣ ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೂವರೆ ವರ್ಷದ ಹಿಂದೆ ನಾನೂ ಅದನ್ನೇ ಮಾಡಿದೆ. ಒಂಬತ್ತು ವರ್ಷ ಓಡಿಸಿದ, ಒಮ್ಮೆಯೂ ದಾರಿಯಲ್ಲಿ ಕೈಕೊಡದ ಬೈಕನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಎಲೆಕ್ಟ್ರಿಕ್ ಗಾಡಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಫೀಸಿಗೆ ಹೋಗಿ ಬರಲು ಅದಕ್ಕಿಂತ ಒಳ್ಳೆಯ ಗಾಡಿ ನಾನು ಓಡಿಸಿಲ್ಲ. ಕ್ಲಚ್ ಇಲ್ಲ, ಗೇರ್ ಇಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಕಾಲಿಗೆ ಬಿಸಿ ತಾಗುವುದಿಲ್ಲ, ಹಿಡಿ ತಿರುಗಿಸಿದರೆ ಸಾಕು, ಸದ್ದಿಲ್ಲದೆ ಮುಂದೆ ಹೋಗುತ್ತದೆ. ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಕೊಳ್ಳುವಾಗ ಎರಡೇ ವಿಷಯ ನೋಡಿದೆ: ಕಿಲೋಮೀಟರಿಗೆ ಎಷ್ಟು ಖರ್ಚು, ಒಂದು ಚಾರ್ಜಿಗೆ ಎಷ್ಟು ದೂರ. ಕೇಳಬೇಕಾದ ಬೇರೆ ಯಾವುದನ್ನೂ ಕೇಳಲಿಲ್ಲ. ಶೋರೂಮಿನವರೂ ತಾವಾಗಿ ಹೇಳಲಿಲ್ಲ.

ಒಂದು ಚಾರ್ಜಿಗೆ 180 ಕಿ.ಮೀ. ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ನಮ್ಮಮ್ಮನ ಊರು ನನ್ನ ಮನೆಯಿಂದ 140 ಕಿ.ಮೀ. ಮಧ್ಯೆ ಎಲ್ಲೂ ನಿಲ್ಲದೆ ಹೋಗಬಹುದು, ಇನ್ನೂ 40 ಉಳಿಯುತ್ತದೆ, ಅಷ್ಟೇ ನನ್ನ ಲೆಕ್ಕ.

ಗಾಡಿ ತಂದ ಮೂರನೇ ತಿಂಗಳು ಅಮ್ಮನಿಗೆ ಕಣ್ಣಿನ ಆಪರೇಶನ್ ಇತ್ತು. ಮರುದಿನ ಬೆಳಿಗ್ಗೆ ಆಪರೇಶನ್, ಹಿಂದಿನ ದಿನ ಸಂಜೆ 7ರೊಳಗೆ ಆಸ್ಪತ್ರೆಗೆ ಸೇರಿಸಬೇಕು. ರಾತ್ರಿಯಿಡೀ ಚಾರ್ಜಿಗೆ ಹಾಕಿ ಶೇಕಡಾ 100 ತುಂಬಿಸಿಕೊಂಡು, ಮಧ್ಯಾಹ್ನ ನಾಲ್ಕೂವರೆಗೆ ಹೊರಟೆ. ಹೆದ್ದಾರಿ ಖಾಲಿ ಇತ್ತು. ಗಂಟೆಗೆ 100ರಲ್ಲಿ ಆರಾಮಾಗಿ ಹೋಗುತ್ತಿದ್ದೆ, ಎದುರುಗಾಳಿ ಸ್ವಲ್ಪ ಇತ್ತು. 46 ಕಿ.ಮೀ. ಆದಾಗ ಮೀಟರ್ ನೋಡಿದೆ. ಬ್ಯಾಟರಿ 48. ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು, ದಾರಿ ಮೂರನೇ ಒಂದು ಭಾಗ ಮಾತ್ರ ಮುಗಿದಿತ್ತು. ಎದೆ ಧಸಕ್ ಅಂತು.

ಪಕ್ಕಕ್ಕೆ ನಿಲ್ಲಿಸಿ ಫೋನಿನಲ್ಲಿ ಹುಡುಕಿದೆ. 32 ಕಿ.ಮೀ. ಮುಂದೆ ಒಂದು ಫಾಸ್ಟ್ ಚಾರ್ಜಿಂಗ್ ಸ್ಟೇಶನ್ ತೋರಿಸಿತು, 50 ಕಿಲೋವ್ಯಾಟ್ ಅಂತ. ಸಮಾಧಾನ ಆಯ್ತು, ಅಷ್ಟು ದೊಡ್ಡ ಚಾರ್ಜರ್ ಇದ್ದರೆ ಇಪ್ಪತ್ತು ನಿಮಿಷದ ಕೆಲಸ ಅಲ್ವಾ ಅಂದುಕೊಂಡೆ. ವೇಗ 80ಕ್ಕೆ ಇಳಿಸಿ ಅಲ್ಲಿಗೆ ತಲುಪಿದಾಗ ಬ್ಯಾಟರಿ 18. ಕೇಬಲ್ ಕೈಗೆತ್ತಿಕೊಂಡೆ, ತೋಳಿನಷ್ಟು ದಪ್ಪ, ತುದಿಯ ಪ್ಲಗ್ಗಿನ ಕೆಳಗೆ ಎರಡು ದೊಡ್ಡ ಪಿನ್ನು. ಬೈಕಿನ ಮುಚ್ಚಳ ತೆಗೆದು ನೋಡಿದರೆ ಆ ಎರಡು ಪಿನ್ನಿಗೆ ಜಾಗವೇ ಇಲ್ಲ! ತಿರುಗಾಮುರುಗಾ ಮಾಡಿ ನೋಡಿದೆ. ಆಗ ಕಾರು ಚಾರ್ಜ್ ಮಾಡಿಕೊಳ್ಳುತ್ತಿದ್ದ ಒಬ್ಬರು ಇಳಿದು ಬಂದು, ಇದು ಡಿಸಿ ಚಾರ್ಜರ್, ನಿಮ್ಮ ಬೈಕಿಗೆ ಎಸಿ, ಅಂದರೆ ಮನೆಯ ಸಾಕೆಟ್ಟಿನಲ್ಲಿ ಬರುವಂಥ ಕರೆಂಟ್ ಮಾತ್ರ ಆಗುತ್ತದೆ, ಎಷ್ಟು ಪ್ರಯತ್ನ ಮಾಡಿದರೂ ಕೂರುವುದಿಲ್ಲ ಅಂತ ಬಿಡಿಸಿ ಹೇಳಿದರು. ಗಾಡಿ ತಂದು ಮೂರು ತಿಂಗಳಾದ ಮೇಲೆ, ಹೆದ್ದಾರಿ ಪಕ್ಕದಲ್ಲಿ, ಪರಿಚಯವೇ ಇಲ್ಲದವರಿಂದ ನನಗೆ ಈ ವಿಷಯ ಗೊತ್ತಾಯ್ತು. ಪಕ್ಕದಲ್ಲೇ ಒಂದು ಎಸಿ ಪಾಯಿಂಟ್ ಇತ್ತು, ಅದು ಕೆಟ್ಟಿತ್ತು.

ಕೊನೆಗೆ ಒಂದು ಟಯರ್ ರಿಪೇರಿ ಅಂಗಡಿಯವನು ಪಾಪ ತನ್ನ ಸಾಕೆಟ್ ಬಿಟ್ಟುಕೊಟ್ಟ. ಮಾಮೂಲಿ ಸಾಕೆಟ್ಟಿಗೆ ಹಾಕಿದರೆ ನನ್ನ ಬೈಕ್ ಎಳೆದುಕೊಳ್ಳುವುದು 1.3 ಕಿಲೋವ್ಯಾಟ್. 18ರಿಂದ 60ಕ್ಕೆ ಏರಲು ಎರಡೂಮುಕ್ಕಾಲು ಗಂಟೆ ಹಿಡಿಯಿತು. ಒಂದು ಹಳೇ ಟಯರ್ ಮೇಲೆ ಕೂತು ಆ ಸಂಖ್ಯೆ ಒಂದೊಂದಾಗಿ ಏರುವುದನ್ನೇ ನೋಡುತ್ತಿದ್ದೆ. ಅಮ್ಮನನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಉಳಿದ 62 ಕಿ.ಮೀ. ದೂರವನ್ನು 50ರ ವೇಗದಲ್ಲಿ, ಹಿಂದಿನಿಂದ ಬರುವ ಲಾರಿಗಳಿಗೆ ಹೆದರುತ್ತಾ, ರಾತ್ರಿ ಹತ್ತೂವರೆಗೆ ತಲುಪಿದೆ. ಅಮ್ಮ ಮಲಗಿದ್ದರು. ಆ ಸಂಜೆ ಅವರ ಜೊತೆ ಇರಬೇಕಾಗಿದ್ದವನು ನಾನು.

ಇದು ನನ್ನ ಗಾಡಿಯೊಂದರ ದೋಷ ಅಲ್ಲ ಅನ್ನುವುದು ಆಮೇಲೆ ತಿಳಿಯಿತು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 50ರಲ್ಲಿ ಇರುವ ತಡೆ 100ರಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬೈಕಿನ ಮೇಲೆ ಎದೆ ಸೆಟೆದು ಕೂತವನು ಗಾಳಿಗೆ ಅಡ್ಡ ಹಿಡಿದ ಹಲಗೆ ಇದ್ದ ಹಾಗೆ. ಪೆಟ್ರೋಲ್ ಬೈಕಿಗೂ ಇದು ತಪ್ಪಿದ್ದಲ್ಲ, ಆದರೆ ಅದರ ಹೊಟ್ಟೆ ದೊಡ್ಡದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತದೆ. 12 ಲೀಟರಿನ ಟ್ಯಾಂಕ್ ಅಂದರೆ 108 ಯೂನಿಟ್. ಎಂಜಿನ್ನು ಅದರಲ್ಲಿ ಮುಕ್ಕಾಲು ಭಾಗ ಬಿಸಿ ಮಾಡಿ ಹಾಳು ಮಾಡಿದರೂ ಚಕ್ರಕ್ಕೆ 27 ಯೂನಿಟ್ ಸಿಗುತ್ತದೆ. ನನ್ನ ಬೈಕಿನ ಬ್ಯಾಟರಿ ಎಂಟೂವರೆ ಯೂನಿಟ್, ಅದರಲ್ಲೂ ಬಳಸಲು ಬಿಡುವುದು ಏಳೂವರೆ ಮಾತ್ರ. ಮೋಟಾರು ಬಹಳ ಕಡಿಮೆ ಪೋಲು ಮಾಡುತ್ತದೆ, ಅದು ನಿಜ. ಆದರೆ ಇರುವುದೇ ಅಷ್ಟು. ಪೆಟ್ರೋಲ್ ಮುಗಿದರೆ ಐದು ನಿಮಿಷದಲ್ಲಿ ತುಂಬಿಸಬಹುದು, ಇಲ್ಲಿ ಹಾಗಿಲ್ಲ.

ಊರೊಳಗೆ ಇದು ಪೂರ್ತಿ ಉಲ್ಟಾ. ನಿಂತು ನಿಂತು ಹೋಗುವಾಗ ಪೆಟ್ರೋಲ್ ಬೈಕಿನ ಮೈಲೇಜ್ ಬೀಳುತ್ತದೆ, ಎಲೆಕ್ಟ್ರಿಕ್ ಬೈಕ್ ಜಾಸ್ತಿ ದೂರ ಹೋಗುತ್ತದೆ. ಹಾಗಾಗಿ ದೊಡ್ಡ ಅಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಊರೊಳಗಿನ ಅಥವಾ ನಿಧಾನ ವೇಗದ ಸಂಖ್ಯೆ. 2019ರಲ್ಲಿ ಬಂದ ಹಾರ್ಲೆ-ಡೇವಿಡ್ಸನ್ ಲೈವ್‌ವೈರ್‌ಗೆ ಕಂಪನಿಯೇ ಎರಡೂ ಲೆಕ್ಕ ಕೊಟ್ಟಿತ್ತು: ಊರೊಳಗೆ ಸುಮಾರು 235 ಕಿ.ಮೀ., ಹೆದ್ದಾರಿಯೂ ಸೇರಿದರೆ ಸುಮಾರು 150. ಅದರ ಬ್ಯಾಟರಿ 15.5 ಯೂನಿಟ್, ನನ್ನದರ ಹೆಚ್ಚುಕಮ್ಮಿ ಎರಡರಷ್ಟು. ನಾನು ಆಗಲೇ ಇದನ್ನು ನೋಡಿದ್ದರೆ 180 ಅನ್ನುವ ಮಾತನ್ನು ನಂಬುತ್ತಿರಲಿಲ್ಲ.

ಈಗ ಖರ್ಚಿನ ಮಾತು. ಕಿಲೋಮೀಟರಿಗೆ ಕರೆಂಟ್ ಖರ್ಚು ಪೆಟ್ರೋಲಿನ ಐದನೇ ಒಂದು ಭಾಗ ಬಂತು, ಮನೆಯಲ್ಲೇ ಚಾರ್ಜ್ ಮಾಡಿದಾಗ. ಇದರಲ್ಲಿ ಮೋಸ ಇಲ್ಲ. ಆದರೆ ಗಾಡಿಯ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅದೇ ತಾಕತ್ತಿನ ಪೆಟ್ರೋಲ್ ಬೈಕಿಗೆ 100 ಅಂತ ಇಟ್ಟುಕೊಳ್ಳಿ, ನಾನು ಕೊಟ್ಟಿದ್ದು 180. ವರ್ಷಕ್ಕೆ ನಾನು ಓಡಿಸುವುದು 9,000 ಕಿ.ಮೀ. ಅದೇ ಅಳತೆಯಲ್ಲಿ ವರ್ಷದ ಪೆಟ್ರೋಲಿಗೆ 12 ಆಗುತ್ತಿತ್ತು, ಕರೆಂಟಿಗೆ ಎರಡೂವರೆ ಆಯ್ತು. ಎಂಜಿನ್ ಆಯಿಲ್, ಫಿಲ್ಟರ್, ಪ್ಲಗ್, ಕ್ಲಚ್ ಪ್ಲೇಟ್ ಇಲ್ಲದ್ದರಿಂದ ಸರ್ವಿಸಿನಲ್ಲಿ 3 ಉಳಿಯಿತು. ಗಾಡಿ ದುಬಾರಿ ಆದ್ದರಿಂದ ವಿಮೆಗೆ 2 ಜಾಸ್ತಿ ಹೋಯ್ತು. ಒಟ್ಟು ಉಳಿತಾಯ ವರ್ಷಕ್ಕೆ ಹತ್ತೂವರೆ. ಹೆಚ್ಚಿಗೆ ಕೊಟ್ಟ 80 ವಾಪಸ್ ಬರಲು ಏಳೂವರೆ ವರ್ಷಕ್ಕೂ ಜಾಸ್ತಿ ಬೇಕು. ಬ್ಯಾಟರಿ ವಾರಂಟಿ ಎಷ್ಟು ವರ್ಷ? ಐದು. ಸಾಲದ ಬಡ್ಡಿಯನ್ನು ನಾನಿನ್ನೂ ಸೇರಿಸಿಯೇ ಇಲ್ಲ. ದಿನಕ್ಕೆ 50 ಕಿ.ಮೀ. ಊರೊಳಗೇ ಓಡಿಸುವವರಿಗೆ ಇದೇ ಲೆಕ್ಕ ನಾಲ್ಕು ವರ್ಷದೊಳಗೆ ಮುಗಿಯುತ್ತದೆ, ಅವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ನಾನು ಅವರ ಪೈಕಿ ಅಲ್ಲ. ಅದನ್ನು ಕೊಳ್ಳುವ ಮುಂಚೆ ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತಿದ್ದರೆ ತಿಳಿಯುತ್ತಿತ್ತು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಗಾಡಿ ಬುಕ್ ಮಾಡುವ ಮುಂಚೆಯೇ ಪಾರ್ಕಿಂಗಿನಲ್ಲಿ ಸಾಕೆಟ್ ಹಾಕಲು ಒಪ್ಪಿಗೆ ಪಡೆಯಿರಿ, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ. ನನಗೆ ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಹೊರಗಿನ ಚಾರ್ಜರುಗಳಿಗೆ ಕೊಟ್ಟ ದರ ಮನೆಯ ಕರೆಂಟಿಗಿಂತ ಎಷ್ಟೋ ಜಾಸ್ತಿ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ನೆ ಇರುತ್ತಿದ್ದೆನೋ ಏನೋ. ಹದಿಮೂರನೇ ತಿಂಗಳಲ್ಲಿ ಕೆಲಸದ ಮೇಲೆ ಏಳು ವಾರ ಬೇರೆ ಊರಿಗೆ ಹೋಗಬೇಕಾಯಿತು. ಅವಸರದಲ್ಲಿ ಗಾಡಿ ನಿಲ್ಲಿಸಿ ಹೊರಟೆ, ಆಗ ಬ್ಯಾಟರಿ 8 ಇತ್ತು. ಬಂದ ಮೇಲೆ ಚಾರ್ಜರ್ ಹಾಕಿಯೇ ಓಡಿಸುತ್ತೇನಲ್ಲ ಅನ್ನುವ ಯೋಚನೆ. ವಾಪಸ್ ಬಂದು ಕೀ ತಿರುಗಿಸಿದರೆ ಸ್ಕ್ರೀನ್ ಹತ್ತಲಿಲ್ಲ. ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ ಮೂರು ಸಲ ಮಿನುಗಿ ಆರಿಹೋಗುತ್ತಿತ್ತು. ಎಳೆದುಕೊಂಡೇ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಜೋಡಿಸಿ ಸೆಲ್ಲುಗಳ ವೋಲ್ಟೇಜ್ ತೋರಿಸಿದ: 1.9, 1.8, ಕೆಲವು 1.6. ಈ ಬಗೆಯ ಲಿಥಿಯಂ ಸೆಲ್ಲುಗಳನ್ನು ಸುಮಾರು ಎರಡೂವರೆ ವೋಲ್ಟಿಗಿಂತ ಕೆಳಗೆ ಬಿಡಬಾರದು.

ನಿಂತ ಗಾಡಿಯಲ್ಲೂ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೋರ್ಡು, ಜಿಪಿಎಸ್ಸು, ಲಾಕು ಎಲ್ಲ ಹನಿ ಹನಿಯಾಗಿ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸೆಲ್ ತೀರಾ ಬರಿದಾದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು, ಬೆಂಕಿಯೂ ಹೊತ್ತಬಹುದು. ಅದಕ್ಕೇ ಬಿಎಂಎಸ್ ಚಾರ್ಜ್ ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಅದು ಮಾಡಿದ್ದು ಸರಿಯೇ. ಆದರೆ ವಾರಂಟಿ ಕೇಳಿದಾಗ ಮ್ಯಾನ್ಯುಯಲ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಬಹುಕಾಲ ಚಾರ್ಜ್ ಇಲ್ಲದೆ ಬಿಟ್ಟು ಹಾಳಾದ ಬ್ಯಾಟರಿಗೆ ವಾರಂಟಿ ಇಲ್ಲ. ಇರುವೆ ಗಾತ್ರದ ಅಕ್ಷರ. ಗಾಡಿ ಕೊಟ್ಟ ದಿನ ಹೂವಿನ ಬೊಕೆ ಕೊಟ್ಟು ಫೋಟೋ ತೆಗೆದವರು, ಈ ಒಂದು ಸಾಲನ್ನು ಬಾಯಿಬಿಟ್ಟು ಹೇಳಬಹುದಿತ್ತು. ನನಗೆ ಕೋಪ ಇರುವುದು ಅದಕ್ಕೆ. ಪೆಟ್ರೋಲ್ ಬೈಕ್ ಏಳು ವಾರ ನಿಂತರೆ ಜಾಸ್ತಿ ಅಂದರೆ ಅದರ ಸಣ್ಣ ಬ್ಯಾಟರಿ ಇಳಿಯುತ್ತದೆ, ಎಷ್ಟೋ ಬೈಕುಗಳನ್ನು ತಳ್ಳಿ ಸ್ಟಾರ್ಟ್ ಮಾಡಿದರೂ ಆಯ್ತು.

ಹೊಸ ಬ್ಯಾಟರಿಗೆ ಕೇಳಿದ್ದು ಗಾಡಿಯ ಬೆಲೆಯ ಅರ್ಧದ ಹತ್ತಿರ. ಮಾರಿಬಿಡೋಣ ಅಂತ ವಿಚಾರಿಸಿದರೆ, ಬ್ಯಾಟರಿ ಸತ್ತ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ. ದುಡ್ಡು ಹೊಂದಿಸಿ ಆರ್ಡರ್ ಕೊಟ್ಟೆ. ಬರಲು ಹತ್ತು ವಾರ ಆಯ್ತು. ಅಷ್ಟೂ ದಿನ ಸಾಲದ ಕಂತು ಕಟ್ಟುತ್ತಾ ಬಸ್ಸಿನಲ್ಲಿ ಓಡಾಡಿದೆ. ಪೆಟ್ರೋಲ್ ಬೈಕಾದರೆ ಬೀದಿಗೊಬ್ಬ ಮೆಕ್ಯಾನಿಕ್ ಇದ್ದಾನೆ, ಇಲ್ಲಿ ಬ್ಯಾಟರಿ ಪೆಟ್ಟಿಗೆಯ ಸೀಲ್ ಬಿಚ್ಚಿದರೆ ವಾರಂಟಿಯೇ ಹೋಯ್ತು.

ಇದೇ ಕಾರಣಕ್ಕೆ ಕಂಪನಿ ಉಳಿಯುತ್ತದಾ ಅನ್ನುವುದನ್ನೂ ನೋಡಲೇಬೇಕು. ಎಲೆಕ್ಟ್ರಿಕ್ ಬೈಕ್ ಮಾಡುತ್ತಿದ್ದ ಅಮೆರಿಕದ ಆಲ್ಟಾ ಮೋಟಾರ್ಸ್ 2018ರಲ್ಲಿ ಬಾಗಿಲು ಹಾಕಿತು. ಸ್ವೀಡನ್ನಿನ ಕೇಕ್ 2024ರ ಶುರುವಿನಲ್ಲಿ ದಿವಾಳಿ ಆಯ್ತು. ಎಲೆಕ್ಟ್ರಿಕ್ ಬೈಕುಗಳ ಮೋಟೋ-ಇ ರೇಸಿಗೆ 2019ರಿಂದ 2022ರವರೆಗೆ ಬೈಕ್ ಒದಗಿಸಿದ ಇಟಲಿಯ ಎನರ್ಜಿಕಾದಂಥ ಕಂಪನಿಯೂ 2024ರ ಅಕ್ಟೋಬರಿನಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಆಮೇಲೆ ಯಾರೋ ಕೊಂಡು ಮತ್ತೆ ನಡೆಸಬಹುದು, ಆದರೆ ಮಧ್ಯದ ಆ ತಿಂಗಳುಗಳಲ್ಲಿ ಬಿಡಿಭಾಗ, ಸಾಫ್ಟ್‌ವೇರ್, ವಾರಂಟಿ ಎಲ್ಲಕ್ಕೂ ಯಾರನ್ನು ಕೇಳುವುದು?

ಆದ್ದರಿಂದ ಶೋರೂಮಿಗೆ ಹೋದಾಗ ಬಣ್ಣ ನೋಡುವ ಮುಂಚೆ ಇವನ್ನು ಕೇಳಿ. ಬ್ಯಾಟರಿಯಲ್ಲಿ ನಿಜವಾಗಿ ಬಳಸಲು ಸಿಗುವುದು ಎಷ್ಟು ಯೂನಿಟ್? ಗಾಡಿಯೊಳಗಿನ ಚಾರ್ಜರ್ ಎಷ್ಟು ಕಿಲೋವ್ಯಾಟ್, ಡಿಸಿ ಪ್ಲಗ್ ಕೂರುತ್ತದಾ? ಒಂದೇ ಸಮ 90–100ರಲ್ಲಿ ಹೋದರೆ ಎಷ್ಟು ದೂರ? ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಟೆಸ್ಟ್ ರೈಡನ್ನು ಹೆದ್ದಾರಿಗೇ ಒಯ್ಯಿರಿ, 20 ಕಿ.ಮೀ.ಗೆ ಎಷ್ಟು ಶೇಕಡಾ ಇಳಿಯಿತು ನೋಡಿ, 2,000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಪೂರ್ತಿ ಚಾರ್ಜಿಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. ಬ್ಯಾಟರಿ ಬೆಲೆ ಎಷ್ಟು, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ವಾರಂಟಿಯಲ್ಲಿ ಬದಲಾಯಿಸುತ್ತಾರೆ, ಯಾವ ಸಂದರ್ಭದಲ್ಲಿ ಇಲ್ಲವೇ ಇಲ್ಲ ಅನ್ನುತ್ತಾರೆ, ಇವೆಲ್ಲ ಕಾಗದದ ಮೇಲೆ ಬರಲಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಈಗಾಗಲೇ ಕೊಂಡಿದ್ದರೆ, ವಾರಗಟ್ಟಲೆ ನಿಲ್ಲಿಸುವಾಗ ಅರ್ಧದಷ್ಟು ಚಾರ್ಜ್ ಇಟ್ಟು ನಿಲ್ಲಿಸಿ, ಆಗಾಗ ಒಮ್ಮೆ ನೋಡಿ. ನಾನು ಈಗ ಊರಿಗೆ ಹೋಗುವಾಗ ಪಕ್ಕದ ಮನೆಯ ಹುಡುಗನಿಗೆ ಕೀ ಕೊಟ್ಟು ಹೋಗುತ್ತೇನೆ. ಪ್ರತಿ ಭಾನುವಾರ ಅವನು ಸ್ಕ್ರೀನಿನ ಫೋಟೋ ಕಳಿಸುತ್ತಾನೆ. ಮೊನ್ನೆ 54 ಇತ್ತು.