ಜಿಲ್ಲಾ ಸುದ್ದಿ ಫೀಡ್: ಎರಡು ವರ್ಷ ಬಳಸಿದ ಮೇಲೆ 5ಕ್ಕೆ 2

ದೊಡ್ಡ ಕನ್ನಡ ಸುದ್ದಿತಾಣವೊಂದರ ಕಲಬುರಗಿ, ಬೀದರ್, ಯಾದಗಿರಿ ಫೀಡ್‌ಗಳ ಬಗ್ಗೆ ಈ ವಿಮರ್ಶೆ. ಮೂರೂ ಆರ್‌ಎಸ್‌ಎಸ್ 2.0 (ಸಂಘವಲ್ಲ, ಸುದ್ದಿ ಫೀಡು: ಹೊಸ ಸುದ್ದಿಗಳ ಪಟ್ಟಿಯಿರುವ ಕಡತ, ಅದನ್ನು ‘ರೀಡರ್’ ಎಂಬ ತಂತ್ರಾಂಶ ತಾನಾಗಿ ತಂದು ತೋರಿಸುತ್ತದೆ). ವರದಿಗಳಿಗೆ ದೂರಿಲ್ಲ. ಗಂಜ್ ಮಾರುಕಟ್ಟೆಯ ತೊಗರಿ ಧಾರಣೆ, ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಬಿಟ್ಟ ನೀರು, ಎಲ್ಲ ಬರೆಯುತ್ತಾರೆ. ಕೆಡುವುದು ಫೀಡಿಗೆ ಬಂದ ಮೇಲೆ.

ಮೊದಲ ಕಾಟ ಸಮಯದ್ದು. ಪ್ರಕಟಣೆಯ ವೇಳೆಯನ್ನು ನಮ್ಮ ಗಡಿಯಾರದಂತೆ ಬರೆದು ಕೊನೆಗೆ ‘ಜಿಎಂಟಿ’ (ನಮ್ಮದಕ್ಕಿಂತ ಐದೂವರೆ ತಾಸು ಹಿಂದಿರುವ ಗ್ರೀನಿಚ್ ಸಮಯ) ಅಂಟಿಸಿದ್ದಾರೆ. ಮಧ್ಯಾಹ್ನ 2ರ ಧಾರಣೆ ರೀಡರ್‌ನಲ್ಲಿ ಸಂಜೆ 7.30ರದ್ದಾಗಿ ಕಾಣುತ್ತದೆ, ಐದೂವರೆ ತಾಸು ಮೇಲೆಯೇ ಕೂತಿರುತ್ತದೆ. ಅದರ ಬದಲು +0530, ಅಂದರೆ ಭಾರತದ ಸಮಯ, ಎಂದು ಬರೆದಿದ್ದರೆ ಮುಗಿಯುತ್ತಿತ್ತು.

ಎರಡನೆಯದು ನಮ್ಮ ಲಿಪಿಗೆ ಸಂಬಂಧಿಸಿದ್ದು. ‘ಬೀದರ್‌ನಲ್ಲಿ’ ಎಂದು ಬಿಡಿಸಿ ಬರೆಯಲು ‘ರ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಜೀರೋ ವಿಡ್ತ್ ನಾನ್ ಜಾಯಿನರ್. ಇಲ್ಲದಿದ್ದರೆ ‘ನ’ ಪಕ್ಕಕ್ಕೆ ಅರ್ಕಾವೊತ್ತು ಬೀಳುತ್ತದೆ. ತಾಣದ ತಂತ್ರಾಂಶ ಈ ಅಕ್ಷರವನ್ನು ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಹೆಸರಿನ ಸಂಕೇತವಾಗಿ ಬದಲಿಸಿ ಕಳಿಸುತ್ತದೆ. ಫೀಡ್ ಬರೆಯುವ ಭಾಷೆ ಬೇರೆ, ಎಕ್ಸ್‌ಎಂಎಲ್. ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವ ಅಂಥ ಹೆಸರುಗಳು ಐದೇ, ಇದು ಅವುಗಳಲ್ಲಿಲ್ಲ. ಹೀಗಾಗಿ ಒಂದು ಶೀರ್ಷಿಕೆಯ ದೆಸೆಯಿಂದ ಇಡೀ ಫೀಡ್ ತೆರೆಯದೆ ಸಾಯುತ್ತದೆ. ಬೀದರ್ ಫೀಡ್ ಹೆಚ್ಚು ಕೆಡುವುದಕ್ಕೆ ಊರಿನ ಹೆಸರೇ ಕಾರಣ! ಅಕ್ಷರವನ್ನು ಹಾಗೆಯೇ ಬಿಟ್ಟರೂ ಸರಿ, 8204 ಎಂಬ ಸಂಖ್ಯಾ ಸಂಕೇತ ಕೊಟ್ಟರೂ ಸರಿ.

ಸಾರಾಂಶ ಕತ್ತರಿಸುವುದೂ ಅಕ್ಷರ ಎಣಿಸಿ ಅಲ್ಲ, ಬೈಟ್ (ಕಂಪ್ಯೂಟರಿನ ಅಳತೆ) ಎಣಿಸಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಗೆ 3 ಬೈಟ್, ‘ಕ್ಷ’ಕ್ಕೆ 9. ನಡುವೆ ಕತ್ತರಿ ಬಿದ್ದರೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಚೌಕ, ಕಟ್ಟುನಿಟ್ಟಿನ ರೀಡರ್ ಆದರೆ ಅದೂ ಇಲ್ಲ, ಫೀಡೇ ತೆರೆಯುವುದಿಲ್ಲ.

ಶೀರ್ಷಿಕೆ ತಿದ್ದಿದಾಗಲೆಲ್ಲ ಸುದ್ದಿಯ ಗುರುತಿನ ಸಂಖ್ಯೆ ಬದಲಾಗುತ್ತದೆ, ರೀಡರ್ ಹೊಸದೆಂದುಕೊಂಡು ಅದೇ ಸುದ್ದಿ ಮೂರು ಸಲ ಬರುತ್ತದೆ.

ಇನ್ನು ವಿಳಾಸ. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು, ಫೀಡ್‌ಗೂ ಹೊಸ ವಿಳಾಸ ಬಂತು. ಹಳೆಯದು 301 (‘ಕಾಯಂ ಬೇರೆಡೆ ಹೋಗಿದೆ’ ಎಂಬ ಸಂಕೇತ) ಕೊಟ್ಟು ಹೊಸದಕ್ಕೆ ದಾರಿ ತೋರಿಸಬೇಕಿತ್ತು. ಅದರ ಬದಲು 200, ಅಂದರೆ ‘ಎಲ್ಲ ಸರಿ’, ಎಂದು ಹೇಳಿ ಮುಖಪುಟ ಕಳಿಸುತ್ತದೆ. ಹಳೆಯ ಚಂದಾದಾರರ ರೀಡರ್ ‘ಇದು ಫೀಡ್ ಅಲ್ಲ’ ಎನ್ನುತ್ತದೆ, ಫೀಡ್ ಎಲ್ಲಿಗೆ ಹೋಯಿತೆಂದು ಮಾತ್ರ ತಿಳಿಯುವುದಿಲ್ಲ.

ಆದರೂ ಬಳಸುವವರು ರೀಡರ್‌ನಲ್ಲಿ ಪ್ರಕಟಣೆಯ ಸಮಯ ಬಿಟ್ಟು ‘ಬಂದ ಸಮಯ’ದ ಪ್ರಕಾರ ಜೋಡಿಸಿಕೊಳ್ಳಿ. ಪರಿಶೀಲನೆ 30 ನಿಮಿಷಕ್ಕೊಮ್ಮೆ ಇರಲಿ. ಫೀಡ್‌ನಲ್ಲಿ 20 ಸುದ್ದಿಗಷ್ಟೇ ಜಾಗ, ಹೊಳೆಗೆ ನೀರು ಬಿಟ್ಟ ದಿನ ತಡವಾಗಿ ನೋಡಿದರೆ ಬೆಳಗಿನ ಎಚ್ಚರಿಕೆ ಅಷ್ಟರಲ್ಲಿ ಕೆಳಗಿನಿಂದ ಉದುರಿಹೋಗಿರುತ್ತದೆ.